ನೈಟ್ ಡ್ಯೂಟಿ, ಬಿಪಿ ಮತ್ತು ರಾತ್ರಿ ಎರಡು ಗಂಟೆಯ ಚಿತ್ರಾನ್ನ

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸರ್ವಿಸ್‌ನ ಬಹುಪಾಲು ಐಸಿಯುನಲ್ಲೇ ಕಳೆದಿದೆ. ನೈಟ್ ಅಂದರೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಹ್ಯಾಂಡ್‌ಓವರ್ ಕೊಟ್ಟು ಗಾಜನೂರು ಕಡೆಯ ಬಸ್ ಹತ್ತುವಷ್ಟರಲ್ಲಿ ಒಂಬತ್ತು. ನಲವತ್ತು ದಾಟಿದ ಮೇಲೆ ನನಗೆ ಬಿಪಿ ಬಂತು. ಡ್ಯೂಟಿ ಬಿಡದೆ ಅದನ್ನು ಹೇಗೆ ಹಿಡಿತಕ್ಕೆ ತಂದೆ ಅಂತ ಲ್ಯಾಬ್‌ನವರು, ಆಂಬುಲೆನ್ಸ್ ಡ್ರೈವರ್‌ಗಳು ಎಲ್ಲ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬಿಪಿ ಸುಲಭಕ್ಕೆ ಕೈಗೆ ಸಿಗುವ ಜಾತಿಯದ್ದಲ್ಲ. ರಜೆಯಲ್ಲಿ ಮಧ್ಯಾಹ್ನ ನೋಡಿದರೆ 128/82, ಯಾರೂ ತಲೆ ಕೆಡಿಸಿಕೊಳ್ಳಲ್ಲ. ನೈಟ್ ಮುಗಿಸಿ ನೋಡಿದರೆ 148/94. ಫಿಸಿಶಿಯನ್ 24 ಗಂಟೆ ಬಿಪಿ ಅಳೆಯುವ ಮಷೀನ್ ಕಟ್ಟಿ ಕಳಿಸಿದರು. ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20ರಷ್ಟು ಇಳಿಯುತ್ತದೆ, ಹೃದಯಕ್ಕೂ ರಕ್ತನಾಳಕ್ಕೂ ಅದೇ ವಿಶ್ರಾಂತಿ. ನನಗೆ ರಾತ್ರಿ ಡ್ಯೂಟಿಯಲ್ಲಂತೂ ಇಳಿಯಲಿಲ್ಲ, ಹಗಲು ಮಲಗಿದಾಗ ಇಳಿದದ್ದೂ ಅಷ್ಟಕ್ಕಷ್ಟೇ. ಹಾಗಾಗಿ ಈಗ ಮನೆಯಲ್ಲಿ ರಜೆಯ ದಿನದ್ದು ಬೇರೆ, ನೈಟ್ ಮುಗಿಸಿ ಬಂದ ದಿನದ್ದು ಬೇರೆ ಬರೆದಿಡುತ್ತೇನೆ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕೈ ಎದೆಯ ಮಟ್ಟಕ್ಕೆ ಇಟ್ಟು, ಎರಡು ಸಲ. ಮನೆಯಲ್ಲಿ 135/85 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ಬಸ್ ಇಳಿದು ಏದುಸಿರಲ್ಲಿ ತೋಳಿಗೆ ಬಿಪಿ ಪಟ್ಟಿ ಸುತ್ತಿಕೊಂಡರೆ ಬರುವ ನಂಬರಿಗೆ ಬೆಲೆ ಇಲ್ಲ.

ನೈಟ್ ಡ್ಯೂಟಿಗೂ ಹೃದಯಕ್ಕೂ ಏನು ಸಂಬಂಧ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಸುಮಾರು 1,89,000 ನರ್ಸ್‌ಗಳನ್ನು 24 ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಬಂತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಸರದಿ ನೈಟ್ ಮಾಡಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 15ರಿಂದ 18ರಷ್ಟು ಹೆಚ್ಚು ಕಂಡಿತು. ಹೆದರಿ ಕೆಲಸ ಬಿಡುವಷ್ಟು ದೊಡ್ಡದಲ್ಲ, ಕಡೆಗಣಿಸುವಷ್ಟು ಸಣ್ಣದೂ ಅಲ್ಲ. ನೈಟ್ ನಿಲ್ಲಿಸಿ ವರ್ಷಗಳಾದಂತೆ ಆ ಅಪಾಯ ಇಳಿಯುತ್ತಾ ಬಂದದ್ದೂ ಅದರಲ್ಲೇ ಇದೆ.

ಎಲ್ಲರೂ ಮೊದಲು ನಿದ್ದೆ ಸರಿಮಾಡಿ ಅನ್ನುತ್ತಾರೆ. ನನ್ನ ಪ್ರಕಾರ ಮೊದಲು ಊಟ. ನಿದ್ದೆ ಮನೆಯವರ, ಅಕ್ಕಪಕ್ಕದವರ, ರೋಸ್ಟರಿನ ಕೈಲಿದೆ. ಡಬ್ಬಿ ನನ್ನ ಕೈಲಿದೆ.

ರಾತ್ರಿ ಎರಡು ಗಂಟೆಗೆ ನಮ್ಮ ಸ್ಟಾಫ್ ರೂಮ್ ನೋಡಬೇಕು ನೀವು. ಒಬ್ಬರ ಚಿತ್ರಾನ್ನ, ಇನ್ನೊಬ್ಬರ ಕಡುಬು, ಮಿಡಿ ಉಪ್ಪಿನಕಾಯಿ, ಡಿಸ್ಚಾರ್ಜ್ ಆದ ಪೇಷಂಟ್ ಕಡೆಯವರು ಕೊಟ್ಟ ಸ್ವೀಟ್ ಬಾಕ್ಸ್, ಫ್ಲಾಸ್ಕ್ ತುಂಬ ಸಕ್ಕರೆ ಕಾಫಿ. ನಮಗೆ ಎಚ್ಚರ ಇರಬಹುದು, ಒಳಗಿನ ಲಿವರ್, ಪ್ಯಾಂಕ್ರಿಯಾಸ್‌ಗೆ ಆಗ ರಾತ್ರಿಯೇ. ಬಾಸ್ಟನ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ನೈಟ್ ಶಿಫ್ಟ್ ತರಹ ಎಚ್ಚರ ಇಟ್ಟು ರಾತ್ರಿಯೂ ಊಟ ಕೊಟ್ಟವರಲ್ಲಿ ಸಕ್ಕರೆ ಏರಿತು, ಹಗಲಷ್ಟೇ ಊಟ ಕೊಟ್ಟವರಲ್ಲಿ ಏರಲಿಲ್ಲ. ಅವರನ್ನು ಕೂಡಿಹಾಕಿ ಊಟ ಕೊಟ್ಟಿದ್ದು, ನಮ್ಮ ಪಕ್ಕದಲ್ಲಿ ಕಡುಬು ಇರುತ್ತೆ, ಅದು ಬೇರೆ ಮಾತು.

ನಾನು ಮಾಡಿದ್ದು ಇಷ್ಟು. ಸಂಜೆ ಆರೂವರೆಗೆ ಮನೆಯಲ್ಲೇ ಅನ್ನ, ಸಾರು, ಪಲ್ಯ ಪೂರ್ತಿ ಊಟ. ಹನ್ನೆರಡರಿಂದ ಐದರವರೆಗೆ ನೀರು, ಉಪ್ಪು ಹಾಕದ ಮಜ್ಜಿಗೆ. ತೀರಾ ಹಸಿದರೆ ಒಂದು ಹಿಡಿ ಶೇಂಗಾ. ಬೆಳಿಗ್ಗೆ ಮನೆಗೆ ಬಂದು ಒಂದು ಅಕ್ಕಿ ರೊಟ್ಟಿ ತಿಂದು ಮಲಗುವುದು. ಮೊದಮೊದಲು ಮೂರು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಆಮೇಲೆ ಹೊಂದಿಕೊಂಡಿತು. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಹೀಗೆ ಮಾಡಬೇಡಿ, ನಡುರಾತ್ರಿ ಸಕ್ಕರೆ ಇಳಿದರೆ ಕಷ್ಟ. ಇನ್ನು ಉಪ್ಪು. ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಿಡಿ ಉಪ್ಪಿನಕಾಯಿ ಬಿಡಿ ಅಂತ ಮಲೆನಾಡಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಒಂದು ಮಿಡಿಯನ್ನು ಚೂರು ಮಾಡಿ ನಾಲ್ಕು ಊಟಕ್ಕೆ ಹಂಚಿಕೊಳ್ಳುತ್ತೇನೆ, ರಸ ಬಡಿಸಿಕೊಳ್ಳಲ್ಲ.

ಕಾಫಿ ಮಾತ್ರ ರಾತ್ರಿ ಒಂದು ಗಂಟೆಯವರೆಗೆ, ಅದೇ ಕೊನೆ. ಕುಡಿದು ಐದು ಗಂಟೆಯಾದರೂ ಕೆಫೀನ್ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ. ಐದಕ್ಕೆ ಕುಡಿದರೆ ಮಲಗುವ ಹೊತ್ತಿಗೆ ಕಣ್ಣು ಬಿಟ್ಟುಕೊಂಡೇ ಇರಬೇಕು.

ನಿದ್ದೆಯದ್ದು ನಮ್ಮ ಮನೆಯಲ್ಲಿ ದೊಡ್ಡ ಕಥೆ. ಹಂಚಿನ ಮನೆ, ನನ್ನ ಕೋಣೆಗೆ ಬೆಳಕಿಗೆ ಅಂತ ಒಂದು ಗಾಜಿನ ಹಂಚು ಇದೆ. ಹತ್ತೂವರೆಗೆ ಬಿಸಿಲಿನ ಚೌಕ ಸರಿಯಾಗಿ ದಿಂಬಿನ ಮೇಲೆ ಬೀಳುತ್ತಿತ್ತು. ಹಳೇ ಕಪ್ಪು ಟಾರ್ಪಾಲಿನ ಚೂರು ಕತ್ತರಿಸಿ ಒಳಗಿನಿಂದ ರೀಪಿಗೆ ಹೊಡೆದೆವು, ಕೋಣೆ ಕತ್ತಲಾಯಿತು. ಸದ್ದು ಹಾಗೆ ನಿಲ್ಲಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಮಷೀನ್ ಹಗಲೆಲ್ಲ ಕಿರುಚುತ್ತದೆ, ಅದನ್ನು ನಿಲ್ಲಿಸಿ ಅನ್ನೋಕೆ ಆಗುತ್ತಾ? ಕಿವಿಗೆ ಹತ್ತಿ, ಮೇಲೆ ಫ್ಯಾನ್. ಹತ್ತರಿಂದ ಎರಡರವರೆಗೆ ಒಂದು ನಿದ್ದೆ, ಸಂಜೆ ಹೊರಡುವ ಮೊದಲು ಇನ್ನೊಂದು ಸಣ್ಣದು. "ಹೆಣ್ಣುಮಕ್ಕಳು ಹಗಲು ಮಲಗಬಾರದು" ಅನ್ನುವ ನೆಂಟರಿಗೆ ಉತ್ತರ ಕೊಡೋದು ಬಿಟ್ಟಿದ್ದೇನೆ.

ಇಷ್ಟೆಲ್ಲ ಮಾಡಿಯೂ ಮಾತ್ರೆ ಬೇಕಾಯಿತು, ಸಣ್ಣ ಡೋಸ್, ಈಗಲೂ ಇದೆ. ನೈಟ್ ಮಾಡುವವರಿಗೆ ಅದನ್ನು ಯಾವಾಗ ನುಂಗಬೇಕು ಅನ್ನೋದೇ ಗೊಂದಲ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಟೈಮ್ ಅನ್ನುವ ಅಧ್ಯಯನ 2022ರಲ್ಲಿ ಬಂತು: ಬೆಳಿಗ್ಗೆ ತಗೊಂಡರೂ ಸಂಜೆ ತಗೊಂಡರೂ ಹೃದಯಾಘಾತ, ಸ್ಟ್ರೋಕ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರನ್ನು ಕೇಳಿ ಸಂಜೆ ಊಟದ ಜೊತೆಗೆ ಇಟ್ಟುಕೊಂಡೆ. ಡ್ಯೂಟಿ ಯಾವುದೇ ಇರಲಿ, ಆ ಹೊತ್ತಿಗೆ ನಾನು ಎದ್ದೇ ಇರುತ್ತೇನೆ ಅಥವಾ ಡಬ್ಬಿ ಮುಂದೆ ಇರುತ್ತೇನೆ.

ರೋಸ್ಟರ್ ಬಗ್ಗೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಎರಡು ವಿಷಯ ಕೇಳಿದೆ. ನೈಟ್ ಮೂರಕ್ಕಿಂತ ಹೆಚ್ಚು ಒಟ್ಟಿಗೆ ಬೇಡ, ಪಾಳಿ ಬದಲಾದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಕ್ರಮದಲ್ಲೇ ಮುಂದಕ್ಕೆ ಹೋಗಲಿ. ಹಿಂದಕ್ಕೆ ತಿರುಗಿಸಿದರೆ ಮೈ ಒಗ್ಗಲ್ಲ. ಎರಡನೆಯದು ಆಯಿತು. ಮೊದಲನೆಯದು ಜನ ಇದ್ದರೆ ಮಾತ್ರ. ಮಂಗನ ಕಾಯಿಲೆ ಜೋರಾದ ವರ್ಷ, ಮಳೆಗಾಲದ ಜ್ವರದ ವಾರಗಳಲ್ಲಿ ಯಾರ ರೋಸ್ಟರೂ ನಿಲ್ಲಲ್ಲ ಬಿಡಿ. ಆಗ ಮಾತ್ರೆ, ಬಿಪಿ ಬರೆಯುವುದು ಎರಡನ್ನು ಬಿಡಲ್ಲ, ಉಳಿದದ್ದು ಆದಷ್ಟು.

ಇನ್ನೊಂದನ್ನು ವಾರ್ಡ್‌ನಲ್ಲಿ ಎಲ್ಲರೂ ಮಾತಾಡಿಕೊಂಡಿದ್ದೇವೆ. ನಮ್ಮಲ್ಲಿ ಯಾರಿಗೇ ಎದೆ ಬಿಗಿದರೂ, ದವಡೆ, ಬೆನ್ನು, ಎಡಗೈ ಹಿಡಿದಂತಾದರೂ, ಕಾರಣವಿಲ್ಲದೆ ಬೆವರಿದರೂ "ಗ್ಯಾಸ್ ಇರಬೇಕು" ಅಂತ ಮಾತ್ರೆ ನುಂಗಿ ರೌಂಡ್ಸ್‌ಗೆ ಹೋಗುವ ಹಾಗಿಲ್ಲ. ಬೆಡ್ ಮೇಲೆ ಮಲಗಿಸಿ ಮೊದಲು ಇಸಿಜಿ, ಅದನ್ನು ಡ್ಯೂಟಿ ಡಾಕ್ಟರ್ ಕೈಗೆ ಕೊಟ್ಟ ಮೇಲೆಯೇ ಉಳಿದ ಮಾತು.