ಸೀಟ್ ಸಿಗೋ ಮುಂಚೆನೇ ಸ್ಕಾಲರ್‌ಶಿಪ್‌ಗೆ ರೆಡಿ ಆಗಿದ್ದು: ನನ್ನ ಅನುಭವ

ತಂಗಿದು ಸಿಇಟಿ ರ‍್ಯಾಂಕ್ ಬಂದಿತ್ತು, ಸೀಟ್ ಅಲಾಟ್‌ಮೆಂಟ್ ಇನ್ನೂ ಆಗಿರ್ಲಿಲ್ಲ, ಅಪ್ಪ ದಾವಣಗೆರೆಲಿ ಮಂಡಕ್ಕಿ ಭಟ್ಟಿಗೆ ಹೋಗೋರು, ಫೀಸ್‌ಗೆ ಏನ್ ಮಾಡೋದು ಅಂತ ಮನೇಲಿ ಎಲ್ರಿಗೂ ಚಿಂತೆ. ಕೇಳಿದ ಕಡೆಯೆಲ್ಲಾ "ಅಡ್ಮಿಷನ್ ಆಗ್ಲಿ, ಆಮೇಲೆ ಬನ್ರಿ" ಅಂದ್ರು. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಗೆ ಕಾಲೇಜು ಬೇಕು, ನಿಜ, ಆದ್ರೆ ದಾಖಲೆ ರೆಡಿ ಮಾಡ್ಕೊಳ್ಳೋಕೆ ಕಾಲೇಜು ಯಾಕ್ರಿ ಬೇಕು?

ನಾಡಕಚೇರೀಲಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸ್ದೆ, ಅದ್ರಲ್ಲಿರೋ ಆರ್‌ಡಿ ನಂಬರ್ ಅರ್ಜೀಲಿ ಹಾಕ್ಬೇಕು. ಅದು ಸಲೀಸಾಗಿ ಆಯ್ತು.

ತಲೆನೋವು ಬ್ಯಾಂಕಿಂದು. ಸ್ಕಾಲರ್‌ಶಿಪ್ ದುಡ್ಡು ಡಿಬಿಟಿ (ಸರ್ಕಾರ ನೇರವಾಗಿ ಖಾತೆಗೆ ಹಾಕೋದು) ಮೂಲಕ ಬರೋದು, ಅಂದ್ರೆ ಎನ್‌ಪಿಸಿಐ (ಬ್ಯಾಂಕ್‌ಗಳ ನಡುವಿನ ಪಾವತಿ ನೋಡ್ಕೊಳ್ಳೋ ಸಂಸ್ಥೆ) ಮ್ಯಾಪಿಂಗಲ್ಲಿ ಆಧಾರ್‌ಗೆ ಯಾವ ಬ್ಯಾಂಕ್ ಜೋಡಿಸಿದೆಯೋ ಆ ಅಕೌಂಟ್‌ಗೆ ಹೋಗುತ್ತೆ, ಪಾಸ್‌ಬುಕ್ ಜೆರಾಕ್ಸ್ ಕೊಟ್ರೆ ಸಾಕಾಗಲ್ಲ. ಮೈಆಧಾರ್ ಸೈಟಲ್ಲಿ ಓಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ (ಅಂದ್ರೆ ಈ ಜೋಡಣೆ) ಸ್ಟೇಟಸ್ ನೋಡಿದ್ರೆ ಇನಾಕ್ಟಿವ್! ಬ್ಯಾಂಕ್ ಕೌಂಟರಲ್ಲಿ "ಆಧಾರ್ ಲಿಂಕ್ ಆಗಿದೆಯಲ್ಲಮ್ಮ" ಅಂದ್ರು, ನಾನು ಆ ಪೇಜಿನ ಪ್ರಿಂಟ್ ಮುಂದಿಟ್ಟು, ಸರ್ ಗುರುತಿಗೆ ಕೊಡೋ ಕೆವೈಸಿ ಲಿಂಕ್ ಬೇರೆ ಡಿಬಿಟಿ ಸೀಡಿಂಗ್ ಬೇರೆ, ಸೀಡಿಂಗ್ ಫಾರ್ಮ್ ಕೊಡಿ ಅಂತ ಪಟ್ಟು ಹಿಡಿದೆ, ತಂಗಿ ಸೈನ್ ಹಾಕಿದ್ಲು, ಸೀಲ್ ಹೊಡೆಸಿ ಸ್ವೀಕೃತಿ ಇಸ್ಕೊಂಡ್ವಿ. ಸ್ವಲ್ಪ ದಿನಕ್ಕೆ ಆಕ್ಟಿವ್ ಅಂತ ಬಂತು. ಬಹಳ ಮಕ್ಕಳ ದುಡ್ಡು ಇಲ್ಲೇ ಸಿಕ್ಕಾಕೊಳ್ಳೋದು, ದಯವಿಟ್ಟು ಇವತ್ತೇ ಚೆಕ್ ಮಾಡ್ರಿ.

ಸಾಲ ಬೇಕಾದ್ರೆ ಇರ್ಲಿ ಅಂತ ವಿದ್ಯಾಲಕ್ಷ್ಮಿ ಪೋರ್ಟಲ್‌ಗೆ ಬೇಕಾದ ಕಾಗದಾನೂ ಒಂದು ಫೈಲಲ್ಲಿ ಇಟ್ಕೊಂಡ್ವಿ. ಸೀಟ್ ಆಯ್ತು, ಎಸ್‌ಎಸ್‌ಪಿ ಅರ್ಜೀನ ಕೂತಲ್ಲೇ ಮುಗಿಸಿದ್ವಿ.