ಬ್ಯಾಟರಿ ಬದಲಿಸುವ ಮುಂಚೆ ಅರ್ತ್ ನೋಡಿದೆ

ನನ್ನದು ಹಳೇ ಡೀಸೆಲ್ ಪಿಕಪ್. ಸುಗ್ಗಿಯಲ್ಲಿ ಭರಮಸಾಗರದ ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊಡೆಯುತ್ತೇನೆ. ಉಳಿದಂತೆ ಈರುಳ್ಳಿ, ಗೊಬ್ಬರ, ಸಿಕ್ಕ ಬಾಡಿಗೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿಗೆ ಒಟ್ಟಿಗೇ ಎರಡು ಕಾಯಿಲೆ ಬಂದವು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಏದುಸಿರು ಬಿಡುತ್ತಾ ತಿರುಗುತ್ತಿತ್ತು. ರಾತ್ರಿ ಬ್ರೇಕ್ ಒತ್ತಿದರೆ ಬ್ರೇಕ್ ಲೈಟ್ ಮಂಕು, ಜೊತೆಗೆ ಹಿಂದಿನ ಎಡ ಇಂಡಿಕೇಟರ್ ತಾನೇ ಸಣ್ಣಗೆ ಹೊತ್ತಿಕೊಳ್ಳುತ್ತಿತ್ತು. ಎನ್‌ಎಚ್ 48ರಲ್ಲಿ ಹಿಂದೆ ಲಾರಿ ಬರುವಾಗ ಇದು ತಮಾಷೆಯ ವಿಷಯ ಅಲ್ಲ.

ತೋರಿಸಿದ ಕಡೆ ‘ಬ್ಯಾಟರಿ ಹೋಗಿದೆ, ಡೈನಮೋನೂ ಬಿಚ್ಚಬೇಕು’ ಅಂದರು. ಮೀಟರ್ ಮುಟ್ಟಲೇ ಇಲ್ಲ. ಸುಮ್ನೆ ದುಡ್ಡು ಸುರಿಯೋದು ಯಾಕೆ ಅಂತ ಗಾಡಿಯನ್ನು ಮನೆಗೆ ತಂದು ನಾನೇ ಮಲ್ಟಿಮೀಟರ್ ಹಿಡಿದೆ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.5 ವೋಲ್ಟ್ ತೋರಿಸಿತು. ಎಂಜಿನ್ ಓಡಿಸಿ ಹೆಡ್‌ಲೈಟ್ ಹಾಕಿದಾಗ 14.1. ಅಂದರೆ ಡೈನಮೋ ಚಾರ್ಜ್ ಮಾಡುತ್ತಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳ ನಡುವೆ 10.6 ಇತ್ತು. 10ಕ್ಕಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡುತ್ತಿದ್ದೆ, ಆದರೆ ಬೀಳಲಿಲ್ಲ. ಹಾಗಾದರೆ ಕರೆಂಟ್ ದಾರಿಯಲ್ಲೇ ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ಗಾಡಿಯಲ್ಲಿ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಬರುವುದು ಎಂಜಿನ್ ಮತ್ತು ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟು) ಲೋಹದ ಮೂಲಕ. ಈ ವಾಪಸ್ ದಾರಿಗೇ ಅರ್ತ್ ಅನ್ನುವುದು.

ಇಲ್ಲಿ ತುಂಬಾ ಜನ ಮೀಟರನ್ನು ಬೀಪ್ ಮೋಡಿಗೆ ಹಾಕಿ, ಬೀಪ್ ಬಂತು, ವೈರ್ ಸರಿ ಇದೆ ಅಂದುಬಿಡುತ್ತಾರೆ. ಹತ್ತು ಎಳೆಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತೆ! ಮೀಟರ್ ಕಳಿಸುವುದು ಮಿಲಿಆಂಪ್ ಲೆಕ್ಕದ ಕರೆಂಟ್. ಸೆಲ್ಫ್ ಮೋಟಾರ್ ಎಳೆಯುವುದು ನೂರಾರು ಆಂಪ್. 200 ಆಂಪ್ ಹರಿಯುವ ದಾರಿಯಲ್ಲಿ 0.006 ಓಮ್ ಅಡ್ಡಿ ಇದ್ದರೂ 1.2 ವೋಲ್ಟ್ ಅಲ್ಲೇ ಹೋಯಿತು. ಅಷ್ಟು ಸಣ್ಣ ಓಮ್ ನಮ್ಮ ಮೀಟರಿಗೆ ಕಾಣುವುದೇ ಇಲ್ಲ. ಅದಕ್ಕೇ ಸೆಲ್ಫ್ ಕರೆಂಟ್ ಎಳೆಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು.

ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಡೀಸೆಲ್ ಸೋಲನಾಯ್ಡ್ (ಎಂಜಿನ್‌ಗೆ ಡೀಸೆಲ್ ಬಿಡುವ ಕರೆಂಟ್ ವಾಲ್ವ್) ವೈರ್ ತೆಗೆದಿಟ್ಟೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ. ಕ್ಲಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಮಗ ಕೀ ತಿರುಗಿಸಿದ. 1.3 ವೋಲ್ಟ್! 0.3ರ ಒಳಗಿರಬೇಕಾದ್ದು. ಕಡ್ಡಿಯನ್ನು ಬ್ಲಾಕಿನಿಂದ ಚಾಸಿಗೆ ತಂದರೆ 0.1 ಅಷ್ಟೇ. ಕಳ್ಳ ಚಾಸಿಗೂ ಎಂಜಿನ್‌ಗೂ ನಡುವೆ ಇದ್ದ.

ಕೆಳಗೆ ಮಲಗಿ ಅವೆರಡನ್ನೂ ಜೋಡಿಸುವ ಅರ್ತ್ ಪಟ್ಟಿ ಬಿಚ್ಚಿದೆ. ಮೇಲೆ ಕೆಸರು ಒಣಗಿತ್ತು, ಪಟ್ಟಿ ತುದಿಯ ಲಗ್ (ಬೋಲ್ಟ್ ಹಾಕುವ ಲೋಹದ ಬಳೆ) ಕೆಳಗೆ ಹಸಿರು ಪುಡಿ, ಅರ್ಧಕ್ಕಿಂತ ಜಾಸ್ತಿ ಎಳೆ ತುಂಡಾಗಿದ್ದವು. ಹೊಸ ಪಟ್ಟಿ ತಂದೆ. ಎರಡೂ ಕಡೆ ಉಪ್ಪುಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿದು, ಆಮೇಲೆ ಮೇಲಿಂದ ಗ್ರೀಸ್ ಬಳಿದೆ. ಮತ್ತೆ ಅಳೆದರೆ 0.15. ಸೆಲ್ಫ್ ಒಂದೇ ಏಟಿಗೆ ತಿರುಗಿತು.

ಹಿಂದಿನ ಲೈಟಿನದೂ ಅದೇ ಜಾತಿಯ ರೋಗ. ಲ್ಯಾಂಪಿನ ಅರ್ತ್ ಕೆಟ್ಟರೆ ಬ್ರೇಕ್ ಬಲ್ಬಿನ ಕರೆಂಟಿಗೆ ವಾಪಸ್ ಹೋಗಲು ದಾರಿ ಇರಲ್ಲ. ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಮುಂದಿನ ಇಂಡಿಕೇಟರ್ ಮೂಲಕ ಅರ್ತ್ ಹುಡುಕುತ್ತೆ. ಅದಕ್ಕೇ ಎರಡೂ ಮಂಕು. ಒಂದು ವೈರ್ ತಗೊಂಡು ಲ್ಯಾಂಪಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ಗೆ ಎಳೆದು ಹಿಡಿದೆ. ತಕ್ಷಣ ಇಂಡಿಕೇಟರ್ ಆರಿತು, ಬ್ರೇಕ್ ಲೈಟ್ ಕೆಂಪಗೆ ಬೆಳಗಿತು. ನೋಡಿದರೆ ಡಾಲಾಗೆ (ಹಿಂದೆ ಸರಕು ತುಂಬುವ ತೊಟ್ಟಿ) ಬಣ್ಣ ಹೊಡೆದವರು ಅರ್ತ್ ಸ್ಕ್ರೂ ಬಿಚ್ಚಿ, ಬಣ್ಣದ ಮೇಲೇ ವಾಪಸ್ ಕೂರಿಸಿದ್ದರು.

ಅದೇ ಬ್ಯಾಟರಿ ಈಗಲೂ ಓಡುತ್ತಿದೆ. ಗಾಡಿ ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಮಾತ್ರ ಪರೀಕ್ಷೆ ಬೇರೆ. ಮೈನಸ್ ವೈರ್ ಬಿಚ್ಚಿ, ಕಂಬಕ್ಕೂ ವೈರಿಗೂ ಮಧ್ಯೆ ಮೀಟರನ್ನು 10 ಆಂಪ್ ತೂತಿಗೆ ಹಾಕಿ ನೋಡಬೇಕು. 50 ಮಿಲಿಆಂಪ್‌ಗಿಂತ ಜಾಸ್ತಿ ಬಂದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ, ಯಾವುದು ಕಿತ್ತಾಗ ಇಳಿಯುತ್ತೋ ಆ ಲೈನಿನಲ್ಲೇ ಕಳ್ಳ. ಮೊದಲು ಹಾಡು ಹಾಕುವ ಟೇಪಿನ ಫ್ಯೂಸ್ ಕಿತ್ತು ನೋಡಿ. ಮೀಟರ್ ಹಾಗೆ ಇರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತೆ.