24 ನಿಮಿಷಕ್ಕೆ ಮುಳುಗುವ ಬಟ್ಟಲು

ಮ್ಯೂಸಿಯಂ ವಸ್ತು ಹಿಡಿದುಕೊಂಡು ವಿಜ್ಞಾನದ ಇತಿಹಾಸ ಹೇಳಲು ಹೊರಟರೆ ಪಾಠ ಮುಗಿಯುವುದಿಲ್ಲ ಎಂದಿದ್ದ ಮಾಷ್ಟ್ರುಗಳೇ ಈಗ ಬಟ್ಟಲು ಕೇಳಿಕೊಂಡು ಬರುತ್ತಿದ್ದಾರೆ. ಹಾಗಾಗಿ ಮಾಡಿದ್ದನ್ನು ಬರೆದಿಡುತ್ತೇನೆ.

ಮೊದಲ ವರ್ಷ ಎಂಟನೇ ತರಗತಿಯವರನ್ನು ಬಸ್ಸು ಮಾಡಿ ಮ್ಯೂಸಿಯಂಗೆ ಕರೆದುಕೊಂಡು ಹೋದದ್ದು. ಬಾಡಿಗೆ, ಊಟ ಸೇರಿ ಹದಿನಾರು ಸಾವಿರದ ಹತ್ತಿರ ಖರ್ಚು. ಮಕ್ಕಳು ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿ ನಕಲು ಮಾಡಿಕೊಂಡು ಬಂದರು. ಮರುವರ್ಷ ಘಳಿಗೆ ಬಟ್ಟಲು ಒಂದನ್ನೇ ಆರಿಸಿ, ಅದರ ಪ್ರತಿ ಮಾಡಿಸಿ, ಐದು ಪೀರಿಯಡ್ ಅದಕ್ಕೇ ಕೊಟ್ಟೆ. ನೀರಿನ ಮೇಲೆ ಬಿಟ್ಟರೆ ತಳದ ತೂತಿನಿಂದ ತುಂಬಿ ಒಂದು ಘಳಿಗೆಗೆ, ಅಂದರೆ 24 ನಿಮಿಷಕ್ಕೆ, ಮುಳುಗುವ ಹಳೆಯ ಕಾಲದ ಗಡಿಯಾರ ಅದು. ಹಾಳಾದ ಎರಡನ್ನೂ ಸೇರಿಸಿ ಐದು ಬಟ್ಟಲಿಗೆ ಎರಡೂವರೆ ಸಾವಿರ ಆಗಿರಬೇಕು.

ಬಟ್ಟಲು ತಾಮ್ರದ್ದೇ ಆಗಬೇಕು. ಬಾಯಿ 12 ಸೆಂ.ಮೀ., ತೂಕ ಸುಮಾರು 150 ಗ್ರಾಂ, ಅರ್ಧ ಚೆಂಡಿನ ಆಕಾರ. ತಳದ ನಟ್ಟನಡುವೆ 1 ಮಿ.ಮೀ. ತೂತು. ಇದನ್ನು ಅಕ್ಕಸಾಲಿಗರ ಹತ್ತಿರವೇ ಕೊರೆಸಿ. ವರ್ಕ್‌ಶಾಪಿನ ದಪ್ಪ ಡ್ರಿಲ್ಲಿಗೆ ಕೊಟ್ಟು ನನ್ನ ಮೊದಲ ಎರಡು ಹೋದವು. 1 ಮಿ.ಮೀ. ತೂತಿಗೆ 28-29 ನಿಮಿಷ ಬರುತ್ತದೆ. ಅಲ್ಲಿಂದ ಸೂಜಿ ಅರದಲ್ಲಿ ಎರಡೆರಡು ಸುತ್ತು ಉಜ್ಜಿ, ಪ್ರತಿ ಸಲವೂ ಮುಳುಗಿಸಿ ನೋಡಬೇಕು. ಅಗಲ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಐದು ನಿಮಿಷ ಇಳಿದುಬಿಡುತ್ತದೆ. ಹೆಚ್ಚು ಉಜ್ಜಿದ ತೂತನ್ನು ಬೆಸುಗೆ ಇಲ್ಲದೆ ಪುನಃ ಕಿರಿದು ಮಾಡುವ ಉಪಾಯ ಉಂಟು. ಅದು ಕೈಯಲ್ಲಿ ತೋರಿಸುವಂಥದ್ದು, ಬರೆಯುವುದಿಲ್ಲ.

ಹೆಚ್ಚು ದಿನ ಹಾಳಾದದ್ದು ಇನ್ನೊಂದು ಕಾರಣಕ್ಕೆ. ಹೊಸ ಬಟ್ಟಲು ನೀರಿನ ಮೇಲೆ ಅರ್ಧ ಗಂಟೆಯಾದರೂ ತೇಲುತ್ತಲೇ ಇತ್ತು. ಒಳಗೆ ಒಂದು ಹನಿಯೂ ಇಲ್ಲ. ತಾಮ್ರಕ್ಕೆ ಎಣ್ಣೆಜಿಡ್ಡು ಹಿಡಿದಿದ್ದರೆ ಅಷ್ಟು ಸಣ್ಣ ತೂತಿನಲ್ಲಿ ನೀರು ಗುಂಡಗೆ ಉಬ್ಬಿ ನಿಲ್ಲುತ್ತದೆ, ಒಳಗೆ ಹರಡುವುದಿಲ್ಲ. ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ, ಒಳತಳ ಒದ್ದೆ ಮಾಡಿಯೇ ಬಿಡಬೇಕು. ನಮ್ಮ ಮುರಕಲ್ಲಿನ ಬಾವಿಯ ನೀರನ್ನು ಪಂಚೆಯಲ್ಲಿ ಎರಡು ಮಡಿಕೆ ಸೋಸಿ. ಇಲ್ಲವಾದರೆ ಕೆಂಪು ಕೆಸರು ತೂತಿನಲ್ಲಿ ಕೂತು ಮೂರನೇ ಸಲಕ್ಕೆ 31 ನಿಮಿಷವಾಗುತ್ತದೆ. ಬಟ್ಟಲು ಹಗಲು ರಾತ್ರಿ ಸೇರಿ 60 ಸಲ ಮುಳುಗಬೇಕು ಎನ್ನುವ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ, ನೀರು ನಿರ್ಮಲವಾಗಿರಬೇಕು ಎಂದೂ ಹೇಳುತ್ತದೆ. ಆ ಒಂದು ಶಬ್ದ ಯಾಕೆ ಬಂತು ಎಂದು ಮಕ್ಕಳೇ ಹೇಳಿದರು.

ತೆಂಗಿನ ಗೆರಟೆಯಲ್ಲೂ ಮಾಡಿ ನೋಡಿದೆ. ಖರ್ಚಿಲ್ಲ, ಆದರೆ ತುಂಬಿದ ಮೇಲೂ ಅಂಚು ನೀರಿನ ಮಟ್ಟದಲ್ಲೇ ನಿಂತುಬಿಡುತ್ತದೆ. ತಳಕ್ಕೆ ತಂತಿ ಸುತ್ತಿ ಭಾರ ಕೊಟ್ಟರೆ ಮುಳುಗೀತು. ಗೆರಟೆ ನೀರು ಕುಡಿದಂತೆ ಸಮಯ ಬದಲಾಗುತ್ತದೆ, ನಂಬುವ ಹಾಗಿಲ್ಲ. ಗಣಿತಜ್ಞ ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಮದುವೆಯ ಮುಹೂರ್ತ, ಘಳಿಗೆ ಬಟ್ಟಲಿಗೆ ಮುತ್ತು ಬಿದ್ದು ತೂತು ಮುಚ್ಚಿ ತಪ್ಪಿತು ಎಂಬ ಕಥೆ ಇದೆಯಲ್ಲ, ಅದಕ್ಕೆ ಮಣಿ ಹಾಕಿಸಿದೆ. ನೀರು ಕೆಳಗಿನಿಂದ ನುಗ್ಗುವುದರಿಂದ ಹಗುರ ಮಣಿ ಎದ್ದು ಜರಗುತ್ತದೆ. ಭಾರದ ನುಣುಪು ಗಾಜಿನ ಮಣಿ ಮಾತ್ರ ತೂತಿನ ಮೇಲೆ ಕೂತಿತು.

ಐದನೇ ಪೀರಿಯಡ್ ಅಂಗಳದಲ್ಲಿ, ಗಡಿಯಾರದ ಹನ್ನೆರಡಕ್ಕೂ ಸೂರ್ಯನ ನಡುಹಗಲಿಗೂ ಇರುವ ಅಂತರವನ್ನು ಬಟ್ಟಲಿನಿಂದ ಅಳೆಯುವುದು. ಡಿಸೆಂಬರ್ ಮೂರನೇ ವಾರ ಇಟ್ಟುಕೊಳ್ಳಿ, ಆಗ ಊರಿನ ರೇಖಾಂಶದಿಂದ ಬರುವ ಅಂತರ ಬಿಟ್ಟರೆ ಗಡಿಯಾರಕ್ಕೂ ಸೂರ್ಯನಿಗೂ ಬೇರೆ ಏರುಪೇರು ಕಡಿಮೆ. ಅತಿ ಗಿಡ್ಡ ನೆರಳನ್ನು ಕಾಯಬೇಡಿ, ಅದು ಹತ್ತು ನಿಮಿಷ ಹಾಗೇ ಇರುತ್ತದೆ. ಹಿಂದಿನ ದಿನವೇ ಕೋಲಿನ ಸುತ್ತ ವೃತ್ತ ಎಳೆದು, ಬೆಳಿಗ್ಗೆ ಮತ್ತು ಮಧ್ಯಾಹ್ನದ ನಂತರ ನೆರಳ ತುದಿ ವೃತ್ತ ಮುಟ್ಟಿದ ಎರಡು ಬಿಂದುಗಳ ನಟ್ಟನಡುವಿನಿಂದ ಕೋಲಿನ ಬುಡಕ್ಕೆ ಉತ್ತರ-ದಕ್ಷಿಣ ಗೆರೆ ಹಾಕಿಡಿ. ಗಡಿಯಾರದಲ್ಲಿ 12 ಆದ ಕೂಡಲೇ ಬಟ್ಟಲು ಬಿಟ್ಟೆವು. ಒಮ್ಮೆ ಪೂರ್ತಿ ಮುಳುಗಿ, ಎರಡನೇ ಸಲ ನಾಲ್ಕು ನಿಮಿಷದಷ್ಟು ತುಂಬುವಾಗ ನೆರಳು ಗೆರೆಗೆ ಬಂತು. ಕಾಸರಗೋಡು ಇರುವುದು 75 ಡಿಗ್ರಿ ಪೂರ್ವದಲ್ಲಿ, 1906ರಿಂದ ನಡೆಯುತ್ತಿರುವ ಭಾರತೀಯ ಕಾಲಮಾನ 82.5 ಡಿಗ್ರಿಯದ್ದು. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಂತರ ಅರ್ಧ ಗಂಟೆ, ಅಂದರೆ ಒಂದೂಕಾಲು ಘಳಿಗೆ. ನಮಗೆ ಬಂದ 28ಕ್ಕೂ ಇದಕ್ಕೂ ಇರುವ ಎರಡು ನಿಮಿಷ ಮೇಲೆ ಹೇಳಿದ ಏರುಪೇರಿನದು. ಹಾಗಾದರೆ ಅಜ್ಜನ ಕಾಲದ ಹನ್ನೆರಡು ಯಾವಾಗ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಬೆಲ್ ಹೊಡೆದ ಮೇಲೂ ಯಾರೂ ಅಂಗಳ ಬಿಡಲಿಲ್ಲ.